ನಾನು ಕತ್ತರಿಸಿದ ಗಂಟು

ಬಳ್ಳಾರಿಯ ಒಂದು ಆಸ್ಪತ್ರೆಯ ಶವಾಗಾರದಲ್ಲಿ ನಾನು ಆಯಾ ಆಗಿದ್ದೆ. ಹೆಂಗಸರ ಹೆಣದ ಬಟ್ಟೆ ಬಿಚ್ಚುವುದು, ಪೋಸ್ಟ್‌ಮಾರ್ಟಂ ಆದ ಮೇಲೆ ತೊಳೆದು, ಬಿಳಿ ಬಟ್ಟೆ ಸುತ್ತಿ ಮನೆಯವರಿಗೆ ಕೊಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಮಾಡಿದೆ. ಕೆಲಸ ಬಿಡಲು ನಾಲ್ಕು ವರ್ಷ ಇರುವಾಗ ಸಿರಿಗೇರಿ ಕಡೆಯಿಂದ ಲಕ್ಷ್ಮಿಯ ಹೆಣ ಬಂತು.

ತವರು ಬಾದನಹಟ್ಟಿ, ಸಿರಿಗೇರಿಗೆ ಮದುವೆಯಾಗಿ ಎರಡು ವರ್ಷ. ಬಟ್ಟೆ ಒಗೆಯಲು ಹೋಗಿ ಕಾಲುವೆಗೆ ಜಾರಿದಳು ಎಂದು ಗಂಡ ಹೇಳಿದ್ದ. ಹೆಣ ಸಿಕ್ಕಿದ್ದು ನಾಲ್ಕನೇ ದಿನ.

ಗಂಡ ಬಾಗಿಲಲ್ಲೇ ನಿಂತಿದ್ದ. ಅಳುತ್ತಿರಲಿಲ್ಲ. ಅದು ತಪ್ಪಲ್ಲ, ಅಳದವರನ್ನು ಬಹಳ ಕಂಡಿದ್ದೇನೆ. ಆದರೆ ಅವನು ಕೇಳಿದ್ದು ಒಂದೇ ಮಾತು.

“ಆಯಮ್ಮಾ, ಆಕಿ ಬಟ್ಟಿ ಇಲ್ಲೇ ಸುಟ್ಟುಬಿಡ್ತೀರೇನ್ರಿ?”

“ಪೊಲೀಸರಿಗೆ ಹೋಗ್ತಾವಪ್ಪ.”

ಆಮೇಲೂ ಅವನು ಕದಲಲಿಲ್ಲ. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ಪಾದಗಳು ಕಾಣುತ್ತಲೇ ಇದ್ದವು.

ಸೀರೆ ಬಿಚ್ಚಿದೆ. ಒಳಲಂಗದ ಲಾಡಿಯ ಗಂಟು ಮುಂದೆ ಇರಲಿಲ್ಲ, ಪಕ್ಕದಲ್ಲೂ ಇರಲಿಲ್ಲ. ಹೆಣ ಹೊರಳಿಸಿದಾಗ ಬೆನ್ನ ನಡುವೆ ಸಿಕ್ಕಿತು. ಹುಲ್ಲಿನ ಹೊರೆಗೆ ಹಾಕುವಂಥ ಎರಡು ಸುತ್ತಿನ ಬಿಗಿಗಂಟು. ಉಬ್ಬಿದ ಹೆಣದ ಗಂಟನ್ನು ಯಾರೂ ಬಿಚ್ಚುತ್ತ ಕೂರುವುದಿಲ್ಲ. ರೂಢಿಯಂತೆ ಕತ್ತರಿಯನ್ನು ಗಂಟಿನ ಮೇಲೇ ಹಾಕಿದೆ. ಲಂಗ ಎಳೆದು ಪಕ್ಕಕ್ಕಿಟ್ಟ ಮೇಲೆ ಕೈ ನಿಂತಿತು. ಯಾವ ಹೆಂಗಸು ಲಾಡಿಯನ್ನು ಬೆನ್ನ ಹಿಂದೆ, ತನಗೇ ಬಿಚ್ಚಲಾಗದ ಹಾಗೆ ಕಟ್ಟಿಕೊಳ್ಳುತ್ತಾಳೆ? ಇವಳಿಗೆ ಬೇರೆ ಯಾರೋ ಬಟ್ಟೆ ಉಡಿಸಿದ್ದರು. ಆಮೇಲೆ ನೀರಿಗೆ ಹಾಕಿದ್ದರು.

ಡಾಕ್ಟರು ಬಂದಾಗ ಹೇಳಿದೆ. “ಗಂಟು ಎಲ್ಲಮ್ಮ?” ಎಂದರು. ಲಾಡಿಯ ಚೂರುಗಳನ್ನು ತೋರಿಸಿದೆ. “ನಾನು ಕಂಡಿದ್ದನ್ನಷ್ಟೇ ಬರೀಬೇಕು” ಎಂದರು. ಹೆಣ ಕೊಳೆತಿದ್ದರಿಂದ ಸಾವಿನ ಕಾರಣ ಖಚಿತವಾಗಿ ಹೇಳಲಾಗದು ಎಂದು ರಿಪೋರ್ಟಿನಲ್ಲಿ ಬರೆದರು.

ಪೊಲೀಸರು ನನ್ನ ಹೇಳಿಕೆ ತೆಗೆದುಕೊಂಡರು. ಗಂಡನನ್ನು ಹಿಡಿದರು, ಜಾಮೀನಿನ ಮೇಲೆ ಬಿಟ್ಟರು. ಕೇಸು ವರ್ಷಗಟ್ಟಲೆ ನಡೆಯಿತು. ಲಕ್ಷ್ಮಿಯ ತಾಯಿ ಹುಲಿಗೆಮ್ಮ ಒಂದು ಹಿಯರಿಂಗನ್ನೂ ತಪ್ಪಿಸಲಿಲ್ಲ. ಕೋರ್ಟಿನ ಹಾಲಿಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುತ್ತಿದ್ದಳು. ಗುಡಿಯೇನೇ ಇದು ಎಂದು ನಾನು ಒಮ್ಮೆ ಬೈದೆ.

“ನೀ ಕಂಡಿದ್ದು ಹೇಳಕ್ಕಾ. ಉಳಿದಿದ್ದು ಜಡ್ಜ್ ಸಾಹೇಬ್ರು ನೋಡ್ಕೊಂತಾರ” ಎಂದಳು.

ನನಗೆ ಅಷ್ಟು ನಂಬಿಕೆ ಇರಲಿಲ್ಲ. ಸಾಕ್ಷಿ ಹೇಳುವ ದಿನ ವರಾಂಡದಲ್ಲಿ ಲಕ್ಷ್ಮಿಯ ಗಂಡ ನನ್ನ ಪಕ್ಕಕ್ಕೆ ಬಂದು ನಿಂತ. “ಆಯಮ್ಮಾ, ನಿಮ್ಮ ಮಗಳನ್ನ ಮೋಕಾ ಊರಿಗೆ ಕೊಟ್ಟೀರಂತಲ್ಲ? ಚೊಲೊ ಅದಾಳೇನು?” ಎಂದ. ಕೇಳಿದ್ದು ಅಷ್ಟೇ. ಮಗಳ ಊರು ಅವನಿಗೆ ನಾನು ಹೇಳಿರಲಿಲ್ಲ.

ಅವನ ವಕೀಲರು ಕೇಳಿದರು. “ಎಷ್ಟು ಓದೀರಿ?”

“ಎರಡನೇತ್ತ. ಲಾಡಿ ಕಟ್ಟಾಕ ಅಷ್ಟು ಸಾಕ್ರಿ.”

ಹಿಂದೆ ಕೂತವರು ನಕ್ಕರು. ಗಂಡ ನಗಲಿಲ್ಲ.

“ಆ ಗಂಟನ್ನ ನಿಮ್ಮನ್ನ ಬಿಟ್ಟು ಯಾರು ನೋಡ್ಯಾರ?”

“ಯಾರೂ ಇಲ್ರಿ.”

“ಕತ್ತರಿಸಿದವರು ಯಾರು?”

ಹುಲಿಗೆಮ್ಮ ಮುಂದಿನ ಬೆಂಚಿನಲ್ಲಿದ್ದಳು. ಅವಳಿಗೆ ಇದನ್ನು ನಾನು ಅಲ್ಲಿಯವರೆಗೂ ಹೇಳಿರಲಿಲ್ಲ.

“ನಾನೇ ರಿ.”

ಸಂಶಯದ ಲಾಭ ಕೊಟ್ಟು ಅವನನ್ನು ಬಿಟ್ಟರು. ಕೊಂದಿಲ್ಲ ಎಂದಲ್ಲ, ಕೊಂದದ್ದು ಸಾಬೀತಾಗಲಿಲ್ಲ ಎಂದು ಸರ್ಕಾರಿ ವಕೀಲರು ಬಿಡಿಸಿ ಹೇಳಿದರು. ಹುಲಿಗೆಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಅವಳು ಹತ್ತಿದ ಕುರುಗೋಡು ದಾರಿಯ ಬಸ್ಸಿಗೇ ಅವನೂ ಹತ್ತಿದ.

“ಅವಂಗ ಇನ್ನೊಂದು ಹುಡುಗಿ ನೋಡ್ಯಾರಂತ” ಎಂದಳು ಹುಲಿಗೆಮ್ಮ ಕಿಟಕಿಯಿಂದ. “ಇದರ ಮ್ಯಾಲಿನ ಕೋರ್ಟು ಧಾರವಾಡದಾಗ ಐತಂತ. ಅಲ್ಲಿಗೆ ಬರ್ತೀಯೇನಕ್ಕಾ?”

ಅಲ್ಲಿ ನನ್ನನ್ನು ಕರೆಯುವುದಿಲ್ಲ, ಇಲ್ಲಿ ಬರೆದುಕೊಂಡಿದ್ದನ್ನೇ ಓದುತ್ತಾರೆ ಎಂದು ವಕೀಲರು ಆಗಲೇ ಹೇಳಿದ್ದರು. ಆ ಬರಹದಲ್ಲಿ ಇರುವುದು ನನ್ನ ಕತ್ತರಿಯ ಮಾತು. ಆದರೂ “ಬರ್ತೀನಿ” ಎಂದೆ. ಬಸ್ಸು ಹೊರಟಿತು. ಅವನು ಕೂತಿದ್ದು ಅವಳ ಹಿಂದಿನ ಸೀಟಿನಲ್ಲೇ.

ಉಳಿದ ಸರ್ವಿಸಿನಲ್ಲಿ ನಾನು ಯಾವ ಗಂಟಿಗೂ ಕತ್ತರಿ ಹಾಕಲಿಲ್ಲ. ನನ್ನ ಜಾಗಕ್ಕೆ ಬಂದ ಹೆಂಗಸಿಗೂ ಮೊದಲ ದಿನವೇ ಹೇಳಿದೆ: “ಮೊದಲು ಡಾಕ್ಟರನ್ನ ಕರದು ತೋರ್ಸು. ಆಮ್ಯಾಲೆ ಗಂಟು ಬಿಟ್ಟು ನಾಕು ಬೆರಳು ಆಚಿ ಕತ್ತರ್ಸು.”

ಅಷ್ಟೆಲ್ಲ ಯಾಕೆ ಎಂದು ಅವಳು ಕೇಳಿದಳು. ಲಕ್ಷ್ಮಿಯ ಹೆಸರು ಹೇಳಿದೆ.