ಗುರುಬಸವ್ವನ ಹೊರೆಗಲ್ಲು

ನಮ್ಮ ಗುಡ್ಡದ ರಾಮಲಿಂಗನ ಗುಡಿ ಕಟ್ಟಿಸಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲರೂ ಖಚಿತವಾಗಿ ಹೇಳುತ್ತಾರೆ. ಜೀರ್ಣೋದ್ಧಾರ ಸಮಿತಿಯವರು ಗುಡಿಯ ಇತಿಹಾಸ ಬರೆದುಕೊಡಿ ಎಂದು ನನ್ನನ್ನು ಹಿಡಿದರು. ಬರೆಯುವ ಚಟವಿದ್ದು ಬೇರೆ ಕೆಲಸ ಇಲ್ಲದವನು ಊರಲ್ಲಿ ನಾನೊಬ್ಬನೇ. ಡಾಕ್ಟರೂ ಹೊಟ್ಟೆ ಇಳಿಸಿ ಎಂದಿದ್ದರು. ಹೀಗೆ ಇತಿಹಾಸಕ್ಕಿಂತ ಹೊಟ್ಟೆಯ ಸಲುವಾಗಿ ಸೋಮವಾರಕ್ಕೊಮ್ಮೆ ಇಂದೂರವೆಂಬ ಹಳ್ಳಿಯ ಆಚೆಯ ಆ ಗುಡ್ಡ ಹತ್ತತೊಡಗಿದೆ.

ಮೇಲೆ ತಲೆ ತಗ್ಗಿಸಿ ಹೋಗಬೇಕಾದ ಗರ್ಭಗುಡಿ, ಮುಂದೆ ಕಡೆದ ನಾಲ್ಕು ಕಂಬಗಳ ನವರಂಗ, ಸುತ್ತ ಒರಗಿ ಕೂರಲು ಕಲ್ಲಿನ ಜಗಲಿ, ಹೊರಗೆ ಮೂಗು ಮುರಿದ ನಂದಿ. ಕಂಬಗಳು ಮುಖ ಕಾಣುವಷ್ಟು ನುಣುಪಾಗಿದ್ದವು. ಸಮಿತಿಯವರು ಬಂಗಾರದ ಬಣ್ಣ ಹೊಡೆಸಿದ ಮೇಲೆ ನನ್ನ ಮುಖ ನೋಡುವ ಕಷ್ಟ ನನಗೆ ತಪ್ಪಿತು. ಗುಡ್ಡವೆಲ್ಲ ಒಂದೇ ಬಂಡೆ, ಮೇಲೆ ಹನಿ ನೀರಿಲ್ಲ. ಅಭಿಷೇಕಕ್ಕೆ ಬುಡದ ಬಾವಿಯಿಂದಲೇ ನೀರು ಹೊರಬೇಕು. ತುಂಬಿದ ಕೊಡ ಗರ್ಭಗುಡಿ ಮುಟ್ಟುವತನಕ ನೆಲಕ್ಕೆ ತಾಗಬಾರದು. ಅದಕ್ಕೆಂದೇ ಹಳೆಯವರು ದಾರಿಯ ನಡುವೆ ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಹಾಸುಗಲ್ಲು ಹೇರಿದ್ದಾರೆ. ತಲೆಯೆತ್ತರದ ಹೊರೆಗಲ್ಲು. ಯಾರ ನೆರವೂ ಇಲ್ಲದೆ ಕೊಡವನ್ನು ತಲೆಯಿಂದ ಅದರ ಮೇಲೆ ಸರಿಸಿ, ಉಸಿರು ಬಿಟ್ಟು, ಮತ್ತೆ ಹೊರಬಹುದು. ಇಡೀ ಗುಡ್ಡದಲ್ಲಿ ದೇವರಿಗಲ್ಲದೆ ಮನುಷ್ಯರಿಗಾಗಿ ಕಟ್ಟಿದ್ದು ಅದೊಂದೇ.

ಆ ನೀರು ಹೊರುತ್ತಿದ್ದವಳು ಗುರುಬಸವ್ವ. ಧಾರವಾಡದ ಕಡೆಯಿಂದ ಸೊಸೆಯಾಗಿ ಬಂದ ವರ್ಷವೇ ಅತ್ತೆ ಕೊಡ ಹೊರಿಸಿದಳಂತೆ. ಗಂಡ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಬಿದಿರು ಇಳಿಸುತ್ತಿದ್ದ. ಅಲ್ಲೇ ಹತ್ತಿರದ ಅಂಬೇವಾಡಿಯಲ್ಲಿ ಬಾಡಿಗೆ ಮನೆ ಹಿಡಿದು ಕರೆದರೂ ಈಕೆ ದೇವರ ನೀರು ಬಿಟ್ಟು ಹೋಗಲಿಲ್ಲ. ರಜೆಗೆ ಬಂದು ಹೋಗುವ ನೆಂಟನಾಗಿಯೇ ಅವನು ತೀರಿಕೊಂಡ. ಇಷ್ಟಕ್ಕೆಲ್ಲ ಅವಳಿಗೆ ಸಿಕ್ಕ ಮರ್ಯಾದೆ ಒಂದೇ: ಅಭಿಷೇಕ ಮುಗಿಯುವವರೆಗೆ ಗರ್ಭಗುಡಿಯ ಹೊಸ್ತಿಲಿಗೆ ನಿಲ್ಲುವ ಹಕ್ಕು. ಊರ ಗೌಡರೂ ಅವಳ ಹಿಂದೆಯೇ.

ಕೆಟ್ಟದ್ದು ಖಂಡೇಪೂಜೆಯಿಂದ. ಅವತ್ತು ಲಾರಿಯವರು ಲಾರಿಗೆ, ಗಿರಣಿಯವರು ಗಿರಣಿಗೆ ಪೂಜೆ ಮಾಡುತ್ತಾರೆ. ನಾನೂ ಪೆನ್ನಿಗೆ ಕುಂಕುಮ ಹಚ್ಚುತ್ತೇನೆ, ಅದಿನ್ನೂ ಸುಧಾರಿಸಿಲ್ಲ. ಮೊಣಕಾಲು ನೋವು ಜೋರಾಗಿದ್ದ ಆ ವರ್ಷ ಗುರುಬಸವ್ವ ತನ್ನನ್ನು ಕಾಯ್ದ ಹೊರೆಗಲ್ಲಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಏರಿಸಿದಳು. ಮರುದಿನ ಹುಬ್ಬಳ್ಳಿಯಿಂದ ಬಂದವರು ಯಾರೋ ಅದನ್ನು ನೋಡಿ ಕೈಮುಗಿದು ಕಾಯಿ ಒಡೆದರು. ದೀಪಾವಳಿಯ ಹೊತ್ತಿಗೆ ಅದು ಪಾಂಡವರ ಬಾಗಿಲಾಗಿತ್ತು. ಸುತ್ತು ಬಂದರೆ ಮದುವೆ ಕೂಡಿಬರುತ್ತದೆಂಬ ಸುದ್ದಿಯೂ ಹುಟ್ಟಿತು. ಸಮಿತಿಯ ಅಧ್ಯಕ್ಷ, ಕಾಂಟ್ರ್ಯಾಕ್ಟರ ಪುಂಡಲೀಕ, ಸುತ್ತ ಗಿಡ್ಡ ಕಟ್ಟೆ ಕಟ್ಟಿಸಿ, ಟೈಲ್ಸ್ ಹಾಕಿಸಿ, ಕಲ್ಲಿಗೆ ಸ್ಟೀಲಿನ ಜಾಲರಿ ನಿಲ್ಲಿಸಿ ಬೀಗ ಜಡಿದ.

ಗುರುಬಸವ್ವ ಅವನ ಬಳಿ ಹೋದಾಗ ನಾನೂ ಅಲ್ಲಿದ್ದೆ.

"ನಾ ಬರೂ ಹೊತ್ತಿಗೆ ಅಷ್ಟ ಕೀಲಿ ತಗಸ್ರಿ. ಕೊಡಾ ಇಳಿಸಿ, ದಮ್ಮು ತಗೊಂಡು ಹೋಗ್ತೇನಿ."

"ದೇವರ ತಲಿ ಮ್ಯಾಲ ಕೊಡಾ ಇಡ್ತೀ ಏನಬೇ? ಮಂದಿ ಏನಂದಾರು? ಕಟ್ಟಿ ಮ್ಯಾಲ ಇಡು."

"ನೆಲಕ್ಕ ಹತ್ತಿದ ನೀರು ರಾಮಲಿಂಗಗ ನಡಿಯೂದಿಲ್ರಿ."

"ಅದು ನೆಲಾ ಅಲ್ಲಬೇ, ಟೈಲ್ಸ್."

ನಾನು ನಡುವೆ ಬಾಯಿ ಹಾಕಿ, ಅದು ಬಾಗಿಲಲ್ಲ, ಹೊರೆ ಇಳಿಸುವ ಕಲ್ಲು ಎಂದೆ. ಪುಂಡಲೀಕ ಹೊಟ್ಟೆ ಹಿಡಿದು ನಕ್ಕು, ಸರ್ ಜೋಕ್ ಚಲೋ ಮಾಡತಾರ ಎಂದ. ಜನ್ಮದಲ್ಲಿ ನನ್ನ ಮಾತಿಗೆ ಅಷ್ಟು ನಗು ಬಂದದ್ದು ಅದೊಂದೇ ಸಲ.

ಬೇಸಿಗೆಯೆಲ್ಲ ಅವಳು ನಡುವೆ ನಿಲ್ಲದೆ ಹೊತ್ತಳು. ಶ್ರಾವಣದ ಒಂದು ಸೋಮವಾರ ನಾನು ಏದುಸಿರು ಬಿಡುತ್ತ ಹಿಂದೆ ಬರುತ್ತಿದ್ದಾಗ ಜಾಲರಿಯ ಮುಂದೆ ಅವಳ ಮೊಣಕಾಲು ಕುಸಿಯಿತು. ಕೊಡ ಬೀಳಿಸಲಿಲ್ಲ, ತಬ್ಬಿಕೊಂಡೇ ಕಟ್ಟೆಗೆ ಕುಕ್ಕರಿಸಿದಳು. ಕೊಡ ಟೈಲ್ಸಿಗೆ ತಾಗಿತು. ಸುತ್ತು ಬರುತ್ತಿದ್ದ ಹೆಂಗಸೊಬ್ಬಳು, ಪಾಂಡವರ ಬಾಗಿಲಿಗೆ ಹಾಕುವ ನೀರು ಇದೇನಾ ಎಂದು ಕೇಳಿ, ಉತ್ತರಕ್ಕೂ ಕಾಯದೆ ತಂಬಿಗೆ ಅದ್ದಿ ಜಾಲರಿಯೊಳಗೆ ಚೆಲ್ಲಿದಳು. ಹಿಂದಿನವರೂ ಅದ್ದಿದರು. ಗುರುಬಸವ್ವ ತಡೆಯಲಿಲ್ಲ. ನೆಲಕ್ಕೆ ತಾಗಿದ ಮೇಲೆ ಅವಳ ಪಾಲಿಗೆ ಅದು ಬರೀ ನೀರು.

ಖಾಲಿ ಕೊಡ ಹಿಡಿದು ಅವಳು ನನ್ನ ಜೊತೆ ಮೇಲೆ ಬಂದಳು. ಕಾದು ಬೇಸತ್ತ ಪೂಜಾರಿ ಈಶಪ್ಪ, ಅತಿಥಿಗಳಿಗೆ ಕುಡಿಯಲೆಂದು ತರಿಸಿದ್ದ ಕ್ಯಾನಿನ ನೀರಿನಲ್ಲೇ ಅಭಿಷೇಕ ಮುಗಿಸಿದ್ದ. ಹೊಸ್ತಿಲಲ್ಲಿ ಪುಂಡಲೀಕನ ಬೀಗರು ನಿಂತಿದ್ದರು. ಅವರ ಬೆನ್ನ ಹಿಂದಿನಿಂದ ಅವಳು ಕೇಳಿದಳು, "ಹೂ ಬಿತ್ತೇನ್ರಿ?"

ಅಭಿಷೇಕವಾದ ಮೇಲೆ ಲಿಂಗದ ನೆತ್ತಿಗೆ ಹೂ ಇಡುತ್ತಾರೆ. ಬಲಕ್ಕೆ ಬಿದ್ದರೆ ದೇವರು ಒಪ್ಪಿಕೊಂಡ, ಎಡಕ್ಕೆ ಬಿದ್ದರೆ ಏನೋ ತಪ್ಪಾಗಿದೆ ಎಂದು ಅರ್ಥ.

"ಬಲಕ್ಕ ಬಿತ್ತಬೇ, ದಿನಾ ಬಿದ್ದಂಗ," ಎಂದ ಈಶಪ್ಪ, ತೀರ್ಥ ಕೊಡುತ್ತ.

ಅವಳು ತೀರ್ಥಕ್ಕೆ ಕೈಯೊಡ್ಡಲಿಲ್ಲ. ಖಾಲಿ ಕೊಡ ಹಿಡಿದೇ ನನ್ನ ಜೊತೆ ಗುಡ್ಡ ಇಳಿದಳು. ಬುಡದ ಬಾವಿಯ ಹತ್ತಿರ ಬಂದಾಗ, ನನ್ನ ಕಡೆ ನೋಡದೆಯೇ ಅಂದಳು:

"ಇವತ್ತೊಂದಿನಾರ ಎಡಕ್ಕ ಬೀಳಬೇಕಿತ್ತಲ್ರಿ, ಸರ."