ಮೊಮ್ಮಗನಿಗೆ ಅಮ್ಮ ಒಯ್ದ ಬಟ್ಟೆಗಳು

ತೊಂಬತ್ತರ ದಶಕದ ಕೊನೆಯ ಮಾತು. ಅಕ್ಕನ ಗಂಡನ ಮನೆಯವರಿಗೆ ಕುಣಿಗಲ್ಲಿನಲ್ಲಿ ಅಕ್ಕಿ ಮಿಲ್ಲಿತ್ತು. ಹುಡುಗ ಮೆಚ್ಚಿದ್ದಕ್ಕೆ ಆದ ಮದುವೆ. ಚೊಚ್ಚಲ ಹೆರಿಗೆಗೂ ಅವಳನ್ನು ನಮ್ಮೂರು ಗುಬ್ಬಿಗೆ ಕಳಿಸಲಿಲ್ಲ. ನಿಮ್ಮ ಮನೆಯಲ್ಲಿ ಬಾಣಂತಿ ಮಲಗುವಂಥ ಜಾಗ ಎಲ್ಲಿದೆ ಎಂದು ಅವಳ ಅತ್ತೆ ಹೇಳಿಕಳಿಸಿದ್ದರು. ಗಂಡುಮಗು ತುಮಕೂರಿನ ನರ್ಸಿಂಗ್ ಹೋಮಿನಲ್ಲಿ ಹುಟ್ಟಿತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಹುಣಸೆಹಣ್ಣು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ನಾಮಕರಣಕ್ಕೆ ತವರಿನವರು ಮಗುವಿಗೆ ಬೆಳ್ಳಿ ಉಡುದಾರವನ್ನಾದರೂ ಒಯ್ಯಬೇಕು. ಅದು ಆಗುವ ಮಾತಲ್ಲ. ಹಾಗಾಗಿ ದಿನವೂ ಬೇಕಾಗುವುದನ್ನೇ ಕೊಡೋಣ ಅಂದಳು. ತನ್ನ ವಾಯಿಲ್ ಸೀರೆಗಳನ್ನು ಹರಿದು, ಕುದಿಸಿ ಒಗೆದು, ಅಂಚು ಮಡಚಿ ಮಗುವಿಗೆ ಸುತ್ತುವ ಬಟ್ಟೆಗಳನ್ನು ಕೈಯಲ್ಲೇ ಹೊಲಿದಳು. ಗಾಣದ ಕೊಬ್ಬರಿ ಎಣ್ಣೆ, ಬಜೆ, ರಬ್ಬರ್ ಶೀಟು, ಸ್ನಾನದ ಟಬ್ಬು ಸೇರಿಸಿದಳು. ತುಮಕೂರಿನಲ್ಲಿ ಬಸ್ಸು ಬದಲಿಸುವಾಗ ಟಬ್ಬನ್ನು ನನ್ನ ಕೈಗೂ ಕೊಡಲಿಲ್ಲ.

ಅಕ್ಕನ ಅತ್ತೆ, ನಾಮಕರಣಕ್ಕೆ ಬಂದ ಹೆಂಗಸರ ನಡುವೆಯೇ ಬಟ್ಟೆಯ ಗಂಟು ಬಿಚ್ಚಿಸಿದರು. ಒಂದು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಬೀಗರು ಮೊಮ್ಮಗನಿಗೆ ಆಸ್ತಿನೇ ತಂದವ್ರೆ, ನೋಡ್ಕಳಿ" ಎಂದರು. ಎಲ್ಲರೂ ನಕ್ಕರು. ಹೊಸ ಬಟ್ಟೆ ಎಳೇ ಮೈಗೆ ಒತ್ತುತ್ತೆ, ಇವು ಮೆತ್ತಗಿವೆ ಎಂದು ಅಮ್ಮ ಹೇಳಲು ಹೋದಳು. ಅಷ್ಟರಲ್ಲಿ ಅವರು ಕೆಲಸದವಳನ್ನು ಕರೆದು, ನೆಲ ಒರೆಸಲು ಇಟ್ಟುಕೋ ಎಂದು ಗಂಟನ್ನು ಕಾಲಿನಿಂದ ಅವಳತ್ತ ಸರಿಸಿದರು.

ಅಮ್ಮ ಅಕ್ಕನ ಮುಖ ನೋಡಿದಳು. ರೇಷ್ಮೆ ಸೀರೆಯುಟ್ಟು ತೊಟ್ಟಿಲ ಪಕ್ಕ ಕೂತಿದ್ದ ಅಕ್ಕನೂ ನಗುತ್ತಿದ್ದಳು.

"ಇವನ್ನೆಲ್ಲ ಯಾಕಮ್ಮ ಹೊತ್ಕೊಂಡು ಬಂದೆ? ಬರಿಗೈಲಿ ಬಂದಿದ್ರೆ ಮರ್ಯಾದೆನಾದ್ರೂ ಉಳೀತಿತ್ತು."

ಊಟದ ಹೊತ್ತಿಗೆ ಯಾರೋ ಪಾಯಸ ಚೆಲ್ಲಿದರು. ಕೆಲಸದವಳು ನಮ್ಮೆದುರೇ ಆ ಗಂಟಿನಿಂದ ಒಂದು ಬಟ್ಟೆ ತಂದು ಒರೆಸಿದಳು. ಅಮ್ಮ ಆ ಕೈಯನ್ನೇ ನೋಡುತ್ತ ಎಲೆಯಲ್ಲಿದ್ದುದನ್ನೆಲ್ಲ ಉಂಡು ಎದ್ದಳು. ಬಸ್ಸಿನಲ್ಲಿ ಅತ್ತವಳು ನಾನು; ಅವಳಲ್ಲ.

ಆಮೇಲೆ ನಾವು ಕುಣಿಗಲ್ಲಿಗೆ ಹೋಗಲಿಲ್ಲ. ಕೆಲವು ವರ್ಷಗಳ ನಂತರ ಅಕ್ಕನೇ ಒಂದು ಮಧ್ಯಾಹ್ನ ಮಗನನ್ನು ಎತ್ತಿಕೊಂಡು ಬಂದಳು. ಮಿಲ್ಲು ಪಾಲಾಗಿತ್ತು, ಭಾವ ಕುಡಿಯತೊಡಗಿದ್ದ. ಅಕ್ಕನ ತುಟಿ ಒಡೆದು ಊದಿಕೊಂಡಿತ್ತು. ಬಂದವರಿಗೆ ಕುರ್ಚಿ ಹಾಕು ಎಂದು ಅಮ್ಮ ನನಗೆ ಹೇಳಿದಳು. ಅಕ್ಕ ಒಲೆಯ ಕಡೆ ಬಂದಾಗ, "ನೀವು ಅಲ್ಲೇ ಕೂತ್ಕಳಿ" ಎಂದಳು ಅಮ್ಮ. ಹೆತ್ತ ಮಗಳನ್ನು ಅವಳು ಬಹುವಚನದಲ್ಲಿ ಕರೆದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

"ಸ್ವಲ್ಪ ದಿನ ಇಲ್ಲೇ ಇರ್ತೀನಿ ಕಣಮ್ಮ" ಎಂದಳು ಅಕ್ಕ.

"ಕಾಫಿ ಕುಡೀರಿ. ತುಮಕೂರು ಬಸ್ಸು ಹೊರಟೋಗುತ್ತೆ."

ನಾನೇ ಬಸ್ಸು ಹತ್ತಿಸಿ ಬಂದೆ. ಅಮ್ಮ ಅನ್ನಕ್ಕೆ ನೀರಿಡುತ್ತಿದ್ದಳು. ಸೀಟು ಸಿಕ್ಕಿತೇ ಎಂದು ಕೇಳಿದಳು. ಇಲ್ಲ, ಮಗುವನ್ನೆತ್ತಿಕೊಂಡು ನಿಂತಿದ್ದಾಳೆ ಎಂದೆ. ಅಮ್ಮ ಒಲೆ ಊದುತ್ತಲೇ ಇದ್ದಳು. ಅಕ್ಕ ಮತ್ತೆ ಬರಲಿಲ್ಲ.