ಮಾಳಿಗೆಯ ಮೇಲೆ ಮೂರು ಸಲ

ನಾನು ನಿಂತಿದ್ದದ್ದು ನಿಚ್ಚಣಿಕೆಯ ಒಂಬತ್ತನೆಯ ಮೆಟ್ಟಿಲ ಮೇಲೆ. ಸುರಪುರದ ನನ್ನ ಮನೆಯ ಹಿಂದಿನ ಗೋಡೆಗೆ ಒರಗಿಸಿದ್ದ ಆ ನಿಚ್ಚಣಿಕೆಗೆ ಹನ್ನೊಂದು ಮೆಟ್ಟಿಲು. ಮೂರು ವರ್ಷದ ಹಿಂದೆ, ಜೂನ್ ತಿಂಗಳ ಮೊದಲ ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ನನ್ನ ಎದೆಯಿಂದ ಮೇಲಿನ ಭಾಗ ಸೂರಿನ ಅಂಚಿನ ಕುಂಬಿಯ ಮೇಲಿತ್ತು, ಉಳಿದದ್ದು ಕೆಳಗೆ. ವಿಮೆ ಕಂಪನಿಯ ಅಧಿಕಾರಿ ನನ್ನಿಂದ ಆರು ಹೆಜ್ಜೆ ದೂರದಲ್ಲಿ, ಬೆಳಕಿಂಡಿಯ ಬಲಕ್ಕೆ ನಿಂತಿದ್ದರು. ಇಷ್ಟನ್ನು ಮೊದಲೇ ಹೇಳಬೇಕು, ಏಕೆಂದರೆ ಓಣಿಯಲ್ಲಿ ಈ ಕಥೆ ಈಗ ನಾಲ್ಕು ರೀತಿಯಲ್ಲಿ ಓಡಾಡುತ್ತಿದೆ. ಒಂದರಲ್ಲಿ ಬಿದ್ದವನು ನಾನು. ಇನ್ನೊಂದರಲ್ಲಿ ಅಧಿಕಾರಿಗಳು ಇಬ್ಬರು.

ಶಹಾಪುರದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವನು ನಾನು. ಎಲ್ಲಿ ನಿಂತಿದ್ದೆ, ಎಷ್ಟು ದೂರ, ಏನು ಕಂಡೆ ಎಂದು ಕೇಳಿದಾಗ ಜನ ತಡವರಿಸುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ನನ್ನ ಸರದಿ ಬಂದರೆ ನಾನು ತಡವರಿಸುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೆ.

ವಿಮೆ ಬೇಕಾಗಿದ್ದದ್ದು ನನಗಲ್ಲ. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ದರ್ಜಿ ಹೆಣ್ಣುಮಗಳಿಗೆ. ಆಕೆ, ಆಕೆಯ ಅತ್ತೆ, ಮೂರು ಹೊಲಿಗೆ ಮಷಿನು, ಒಂದು ಬಟ್ಟೆ ಕತ್ತರಿಸುವ ಟೇಬಲ್ಲು, ಇಷ್ಟು ಆ ಕೋಣೆಯ ಸಂಸಾರ. ಯಾದಗಿರಿಯ ಬಟ್ಟೆ ವ್ಯಾಪಾರಿಯೊಬ್ಬರು ಹಾಸ್ಟೆಲ್ ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸವನ್ನು ಆಕೆಗೆ ಕೊಡಲು ಒಪ್ಪಿದ್ದರು. ಒಂದು ವರ್ಷ ಕೈಗೆ ಬಿಡುವಿಲ್ಲದಷ್ಟು ಕೆಲಸ. ಆದರೆ ಬಟ್ಟೆಯ ಥಾನುಗಳನ್ನು ಇಳಿಸುವ ಜಾಗಕ್ಕೆ ವಿಮೆ ಇರಬೇಕು, ಕಾಗದ ತಿಂಗಳ ಕೊನೆಯೊಳಗೆ ತಲುಪಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಹೇಳಿದ್ದರು. ಕಂಪನಿಯವರು ಮೊದಲು ಸೂರು ನೋಡಬೇಕು ಎಂದರು.

ಸೂರಿನ ವಿಷಯದಲ್ಲಿ ನನಗೆ ಹೆಮ್ಮೆಯಿತ್ತು. ಕಲ್ಲಿನ ಗೋಡೆ, ತೊಲೆ, ಜಂತಿ, ಅದರ ಮೇಲೆ ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಹುಲ್ಲು ಕಿತ್ತು, ನೀರು ಇಳಿಯಗೊಡದ ಹೊಸ ಕರಲು ಮಣ್ಣು ಹಾಕಿಸುತ್ತಿದ್ದೆ, ಒಂದು ವರ್ಷವೂ ತಪ್ಪಿಸಿರಲಿಲ್ಲ. ಅಧಿಕಾರಿ ಬಂದಾಗ ಅದನ್ನೇ ಎರಡು ಸಲ ಹೇಳಿದೆ. ಅವರು ಮೈಸೂರಿನ ಕಡೆಯವರು, ಬಂದು ಎರಡು ತಿಂಗಳಾಗಿತ್ತು. ಕೆಳಗೆ ನಿಂತೇ ಸೂರನ್ನು ಮೆಚ್ಚಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮೇಲೆ ಹತ್ತಿ ನೋಡದೆ ಸಹಿ ಹಾಕಿದರೆ ನಿಯಮ ಮುರಿದಂತೆ ಎಂದು ಚಪ್ಪಲಿ ಬಿಚ್ಚಿ ಹತ್ತಿದರು.

ಮೊದಲ ಸಲ ಬಲಗಾಲಿನಿಂದ ತುಳಿದರು. ಏನೂ ಆಗಲಿಲ್ಲ. ಎರಡನೆಯ ಸಲ ತುಳಿದಾಗ ಬೆಳಕಿಂಡಿಯ ಮೇಲೆ ಮುಚ್ಚಿದ್ದ ತಗಡು ಸಣ್ಣಗೆ ಸದ್ದು ಮಾಡಿತು. ನಾನು ಹೇಳಿದ ಮಾತು ಅಕ್ಷರಶಃ ಇದು: "ಸಾಹೇಬ್ರ, ಅಲ್ಲಿ ತುಳೀಬ್ಯಾಡ್ರಿ. ಅಲ್ಲಿ ಜಂತಿ ಹಳೀದದ."

"ಭಾರ ತಡೆಯುತ್ತಾ ಇಲ್ವಾ ಅಂತ ನೋಡೋಕೇ ಅಲ್ವಾ ಸಾರ್ ನಾನು ಬಂದಿರೋದು" ಎಂದು ಅವರು ಮೂರನೆಯ ಸಲ, ಎರಡೂ ಕಾಲು ಕೂಡಿಸಿ, ತುಳಿದರು.

ತಡೆಯಲಿಲ್ಲ. ದೊಡ್ಡ ಸದ್ದೇನೂ ಬರಲಿಲ್ಲ. ಹಳೆಯ ಚಾದರ ಹರಿದಂಥ ಸದ್ದು. ಅಧಿಕಾರಿ ಗಿಡ್ಡರಾದರು. ನನಗೆ ಕಂಡದ್ದು ಹಾಗೆಯೇ. ಸೊಂಟ ಹೋಯಿತು, ಎದೆ ಹೋಯಿತು, ಕಂಕುಳಿನ ಹತ್ತಿರ ನಿಂತಿತು. ಎರಡೂ ಕೈಗಳನ್ನು ಮಣ್ಣಿನ ಮೇಲೆ ಚಾಚಿ, ನೀರಿನಿಂದ ತಲೆ ಎತ್ತಿದವರಂತೆ ನನ್ನನ್ನೇ ನೋಡುತ್ತಿದ್ದರು. ಪಕ್ಕದ ಮನೆಯ ಹಿಟ್ಟಿನ ಗಿರಣಿಯವನು ತನ್ನ ಮಾಳಿಗೆಯಿಂದ ಕೂಗಿದ. ನಾನು ಕೂಗಲಿಲ್ಲ. ನನ್ನ ಎರಡೂ ಕೈ ನಿಚ್ಚಣಿಕೆಯನ್ನು ಹಿಡಿದಿದ್ದವು, ಬಿಡು ಎಂದರೆ ಬಿಡಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆ ಎಂಬುದು ನನ್ನ ಲೆಕ್ಕದಲ್ಲಿಲ್ಲ.

ಕೆಳಗೆ ಆದದ್ದನ್ನು ನಾನು ನೋಡಿಲ್ಲ, ಕೇಳಿದ್ದೇನೆ. ಮುರಿದ ಜಂತಿ ಬಿದ್ದದ್ದು ದರ್ಜಿ ದಿನವೂ ಕೂರುವ ಕುರ್ಚಿಯ ಮೇಲೆ. ಕುರ್ಚಿಯ ಬೆನ್ನು ಎರಡು ತುಂಡಾಗಿತ್ತು. ಆಕೆ ಅಧಿಕಾರಿಗೆ ಚಹಾ ಸೋಸಲು ಆಗಷ್ಟೇ ಎದ್ದಿದ್ದಳು. ಮೇಲೆ ಒದ್ದಾಡುತ್ತಿದ್ದ ಎರಡು ಕಾಲುಗಳನ್ನು ಕಂಡು ಕತ್ತರಿಸುವ ಟೇಬಲ್ಲನ್ನು ಅವುಗಳ ಕೆಳಗೆ ತಳ್ಳಿದವಳೂ ಆಕೆಯೇ. ಆಕೆಯ ಅತ್ತೆ ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕುಳಿತಿದ್ದವರು, ಸೂಜಿ ಕೆಳಗಿಡದೆ, "ಬರೂದಿತ್ತಂದ್ರ ಬಾಗಲಾ ಇತ್ತಲ್ಲ" ಎಂದರಂತೆ.

ಅಧಿಕಾರಿಗೆ ಪಕ್ಕೆ ತರಚಿದ್ದು ಬಿಟ್ಟರೆ ಬೇರೆ ಪೆಟ್ಟಾಗಿರಲಿಲ್ಲ. ತಲೆಯ ಮಣ್ಣು ಕೊಡವಿ, ಚಹಾ ಕುಡಿದು, ಕಂಪನಿಗೆ ಕಳಿಸಲು ನನ್ನಿಂದ ಒಂದು ಹೇಳಿಕೆ ಬೇಕು ಎಂದರು. ಕಾಲು ಜಾರಿತು ಎಂದು ಬರೆದರೆ ತಮಗೆ ಅನುಕೂಲ ಎಂದೂ ಮೆಲ್ಲಗೆ ಸೇರಿಸಿದರು. ದರ್ಜಿ ನನ್ನನ್ನು ಬಾಗಿಲ ಹೊರಗೆ ಕರೆದು, "ಕಾಕಾ, ಅವ್ರು ತುಳಿದಿದ್ದು ಬರೀರಿ. ಜಂತಿ ಮುರಿದಿದ್ದು ಬಿಟ್ಟುಬಿಡ್ರಿ" ಎಂದಳು. ಕುರ್ಚಿ ಎರಡು ತುಂಡಾಗಿ ಒಳಗೆ ಬಿದ್ದಿತ್ತು, ಆಕೆಯ ಯೋಚನೆ ಥಾನಿನದು. ನಾನು ಇಬ್ಬರಿಗೂ ಸತ್ಯದ ಬಗ್ಗೆ ಐದು ನಿಮಿಷ ಉಪದೇಶ ಮಾಡಿದೆ. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಬರೆದೆ. "ಅಧಿಕಾರಿಗಳು ನನ್ನ ಮನೆಯ ಮಾಳಿಗೆಯ ಮೇಲೆ ನಿಂತಿದ್ದರು. ಮೂರು ಸಲ ತುಳಿದರು. ಮೂರನೆಯ ಸಲಕ್ಕೆ ಮಾಳಿಗೆ ಕುಸಿಯಿತು." ಹೆಚ್ಚಿಲ್ಲ, ಕಡಿಮೆಯಿಲ್ಲ.

ಹನ್ನೆರಡನೆಯ ದಿನ ಕಂಪನಿಯ ದೊಡ್ಡ ಕಚೇರಿಯಿಂದ ಪತ್ರ ಬಂತು. ಅರ್ಜಿಯಲ್ಲಿ ಕಟ್ಟಡಕ್ಕೆ ಒಂದೇ ಅಂತಸ್ತು ಎಂದು ತಿಳಿಸಲಾಗಿದೆ, ಆದರೆ ಮನೆಯ ಮಾಲೀಕರು ತಮ್ಮ ಹೇಳಿಕೆಯಲ್ಲಿ ಮಾಳಿಗೆ ಇರುವುದನ್ನು ಒಪ್ಪಿಕೊಂಡಿದ್ದಾರೆ, ಮೇಲಂತಸ್ತನ್ನು ಮುಚ್ಚಿಟ್ಟ ಕಾರಣ ಅರ್ಜಿಯನ್ನು ತಡೆಹಿಡಿಯಲಾಗಿದೆ ಎಂದಿತ್ತು. ಸೂರು ಕುಸಿದದ್ದರ ಬಗ್ಗೆ ಒಂದು ಮಾತೂ ಇರಲಿಲ್ಲ.

ಮೂರು ಸಲ ಓದಿದ ಮೇಲೆ ಅರ್ಥವಾಯಿತು. ನಮ್ಮ ಕಡೆ ಮಾಳಿಗೆ ಎಂದರೆ ತಲೆಯ ಮೇಲಿನ ಮಣ್ಣಿನ ಸೂರು. ಪತ್ರ ಬರೆದವರ ಕಡೆ ಮಾಳಿಗೆ ಎಂದರೆ ಮಹಡಿ. ನಿಚ್ಚಣಿಕೆಯ ಮೆಟ್ಟಿಲು ಎಣಿಸಿದ್ದೆ, ನಿಮಿಷ ಎಣಿಸಿದ್ದೆ, ಆ ಒಂದು ಶಬ್ದವನ್ನು ಮಾತ್ರ ತಿರುಗಿಸಿ ನೋಡಿರಲಿಲ್ಲ.

ದರ್ಜಿಗೆ ಓದಿ ಹೇಳಿದೆ. ಆಕೆ ಮಷಿನು ನಿಲ್ಲಿಸಿದಳು. "ಜಂತಿ ಬಿಡ್ರಿ ಅಂದ್ರ ಖರೇನೇ ಬರೀತೀನಿ ಅಂದ್ರಿ. ಈಗ ನೋಡಿದ್ರ ಪೆನ್ನಿನಾಗ ಮ್ಯಾಲೊಂದು ಮಹಡಿ ಕಟ್ಟಿ ಕೊಟ್ಟೀರಿ. ಅದರ ಬಾಡಗಿ ಎಷ್ಟ್ರಿ ಕಾಕಾ?" ಮುಖದಲ್ಲಿ ನಗುವಿರಲಿಲ್ಲ. ತಿಂಗಳ ಕೊನೆಗೆ ಹನ್ನೊಂದು ದಿನ ಉಳಿದಿತ್ತು.

ಮರುದಿನವೇ ಯಾದಗಿರಿಯಲ್ಲಿದ್ದ ವಿಮೆ ಕಂಪನಿಯ ಕಚೇರಿಗೆ ಹೋಗಿ ಕುಳಿತೆ. ಮತ್ತೆರಡು ದಿನ ಹೋದೆ. ಮನೆಯಲ್ಲಿ ಅಷ್ಟರೊಳಗೆ ಕೂಲಿಯವರು ಸೂರಿನ ಮಣ್ಣು ಇಳಿಸುತ್ತಿದ್ದರು. ಸಲಿಕೆಯ ಏಟಿಗೆ ಒಂದೊಂದು ವರ್ಷದ ಮಣ್ಣು ಬೇರೆ ಬೇರೆ ಪದರವಾಗಿ ಕಾಣುತ್ತಿತ್ತು. ಎಲ್ಲ ಸೇರಿ ಎರಡು ಮೊಳ ದಪ್ಪ. ಜಂತಿ ಹಳೆಯದು ನಿಜ, ಆದರೆ ಅದನ್ನು ಮುರಿದದ್ದು ಅಧಿಕಾರಿಯ ತೂಕ ಮಾತ್ರವಲ್ಲ, ನಾನು ತಪ್ಪಿಸದೆ ಹಾಕಿಸಿದ ಮಣ್ಣೂ ಹೌದು. ಹೇಳಿಕೆಯಲ್ಲಿ ನಾನು ಇದನ್ನು ಬರೆದಿರಲಿಲ್ಲ. ಯಾರೂ ಕೇಳಿರಲಿಲ್ಲ. ಹೊಸ ಜಂತಿ ಇಟ್ಟು ಮೇಲೆ ತಗಡು ಹೊದಿಸಿದೆವು.

ಇಪ್ಪತ್ತಾರಕ್ಕೆ ಕಂಪನಿಯಿಂದ ಇನ್ನೊಬ್ಬರು ಬಂದರು. ಈ ಸಲ ಹೆಂಗಸು, ಶಹಾಪುರದ ಕಡೆಯವರು. ಮೇಲಂತಸ್ತನ್ನು ಪರಿಶೀಲಿಸುವುದು ಅವರಿಗೆ ವಹಿಸಿದ ಕೆಲಸ. ಪತ್ರ ಓದಿ, ಮೇಲೆ ನೋಡಿ, ನನ್ನನ್ನು ನೋಡಿದರು. ತಮ್ಮ ತವರುಮನೆಯದೂ ಮಣ್ಣಿನ ಮಾಳಗಿಯೇ ಎಂದರು. ಹಾಗಾದರೆ ಪತ್ರದಲ್ಲಿ ತಪ್ಪಾಗಿದೆ ಎಂದು ಬರೆಯಿರಿ ಎಂದೆ. ದೊಡ್ಡ ಕಚೇರಿಯ ಪತ್ರದಲ್ಲಿ ತಪ್ಪಿದೆ ಎಂದು ಬರೆದರೆ ಅದನ್ನು ತಿದ್ದಲು ಒಂದು ಸಮಿತಿ ಕೂಡಬೇಕು, ಅದು ಎಂದು ಕೂಡುತ್ತದೋ ಹೇಳಲಾಗದು ಎಂದರು. ಕತ್ತರಿಸುವ ಟೇಬಲ್ಲಿನ ಮೇಲೆ ಕಾಗದ ಇಟ್ಟು ಒಂದೇ ಸಾಲು ಬರೆದರು: "ಪರಿಶೀಲನೆಯ ದಿನ ಕಟ್ಟಡದಲ್ಲಿ ಮೇಲಂತಸ್ತು ಇರಲಿಲ್ಲ."

ಹೀಗೆ ಬರೆದರೆ ಅದಕ್ಕೆ ಮುಂಚೆ ಇತ್ತು ಎಂದಾಗುತ್ತದೆ ಎಂದು ನಾನು ಆಕ್ಷೇಪಿಸಿದೆ.

"ಇವತ್ತ ಅದ ಏನ್ರಿ?" ಎಂದು ಕೇಳಿದರು.

ಇಲ್ಲ ಎಂದೆ.

"ಮತ್ತ ಸಾಕ್ಷಿ ಸಹಿ ಹಾಕ್ರಿ."

ದರ್ಜಿ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದಳು. ಹಾಕಿದೆ. ತಡವರಿಸಲಿಲ್ಲ, ಅದನ್ನೂ ದಾಖಲಿಸಬೇಕು. ಇಪ್ಪತ್ತೊಂಬತ್ತಕ್ಕೆ ಕಾಗದ ಬಂತು. ಮೂವತ್ತಕ್ಕೆ ಯಾದಗಿರಿಯಿಂದ ಟೆಂಪೋ ಬಂದು ಥಾನುಗಳನ್ನು ಇಳಿಸಿತು. ಈ ವರ್ಷವೂ ಆ ಕೆಲಸ ಆಕೆಯದೇ.

ಮೊದಲು ಬಂದ ಅಧಿಕಾರಿ ತಮ್ಮ ಊರಿನ ಕಡೆಗೆ ವರ್ಗವಾಗಿ ಹೋದರು, ಕ್ಷೇಮವಾಗಿದ್ದಾರೆ. ದರ್ಜಿಯ ಅತ್ತೆ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಸೂರಿನಿಂದ ಕಾಲು ಇಳಿಯುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವರು ಅವರೊಬ್ಬರೇ ಆಗಿದ್ದರು. ನನ್ನನ್ನು ಬಿಟ್ಟರೆ ಓಣಿಯಲ್ಲಿ ಈಗ ಉಳಿದಿರುವ ಸಾಕ್ಷಿಗಳು ಇಬ್ಬರು. ಪಕ್ಕದ ಗಿರಣಿಯವನು ಎರಡು ಸಲ ತುಳಿದರು ಎನ್ನುತ್ತಾನೆ. ದರ್ಜಿ ನನ್ನ ಮುಂದಿನ ಕೋಣೆಯಲ್ಲೇ ಇದ್ದಾಳೆ, ಕೆಳಗಿನಿಂದ ಮೂರು ಸದ್ದು ಕೇಳಿದ್ದು ಹೌದು ಎನ್ನುತ್ತಾಳೆ.